ರೋಜಾ ನೆಕ್ಕಿದ ಎಡಪಕ್ಕೆ

ಯಾರಾದರೂ ದೆವ್ವ ನೋಡಿದೆ ಎಂದರೆ, ಅದು ಯಾವ ಬಣ್ಣದ ಸೀರೆ ಉಟ್ಟಿತ್ತು, ಸೆರಗಿಗೆ ಪಿನ್ನು ಹಾಕಿತ್ತೋ ಇಲ್ಲವೋ ಎಂದು ಕೇಳುವವಳು ನಾನು. ಪಕ್ಕದ ಮನೆ ಮುನಿಯಮ್ಮನಿಗೆ ಕೆರೆ ಕಟ್ಟೆಯ ಮೇಲೆ ಆಗಾಗ ಏನಾದರೂ ಕಾಣಿಸುತ್ತಲೇ ಇರುತ್ತದೆ. ಒಂದು ಸಲ ಅವಳನ್ನು ಹೆದರಿಸೋಣ ಎಂದು ಮುಸ್ಸಂಜೆಯಲ್ಲಿ ನಾನೇ ಬಿಳಿ ಪಂಚೆ ಹೊದ್ದುಕೊಂಡು ಅಲ್ಲಿ ನಿಂತಿದ್ದೆ. ಅವಳು ಹತ್ತಿರ ಬಂದು, ಚಳಿಯಾಗ್ತಾ ಇದ್ಯೇನಕ್ಕಾ ಎಂದು ವಿಚಾರಿಸಿ ಮುಂದೆ ಹೋದಳು. ನಿಜವಾದ ದೆವ್ವ ನೋಡಿದವರಿಗೆ ಸುಳ್ಳು ದೆವ್ವ ನೋಡಿದ ಕೂಡಲೇ ಗೊತ್ತಾಗುತ್ತದಂತೆ. ಆ ವಿಷಯದಲ್ಲಿ ಅವಳದೇ ಗೆಲುವು.

ಇಂಥ ನಾನು ಈಗ ಬರೆಯುತ್ತಿರುವುದು ನನಗೇ ಆದ ಒಂದು ಅನುಭವ. ಇದರಲ್ಲಿ ದೆವ್ವ ಇಲ್ಲ, ಹಸು ಇದೆ. ಫೋನಿನಲ್ಲಿ ಟೈಪ್ ಮಾಡುವುದನ್ನು ಮೊಮ್ಮಗಳು ಈಚೆಗೆ ಕಲಿಸಿದ್ದಾಳೆ. ಒಂದೊಂದೇ ಅಕ್ಷರ ಒತ್ತಬೇಕಾದ್ದರಿಂದ ಸುಳ್ಳು ಸೇರಿಸುವಷ್ಟು ತಾಳ್ಮೆ ನನಗಿಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮದು ಕ್ಯಾಲನೂರಿನ ಕಡೆಯ ಹಳ್ಳಿ. ಮಗ ನಾಗರಾಜ ನರಸಾಪುರದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಸೊಸೆ ಮಂಜುಳಾ ಶ್ರೀನಿವಾಸಪುರದ ಹೆಣ್ಣು. ಮನೆ, ಕೊಟ್ಟಿಗೆ, ಡೇರಿ ಎಲ್ಲ ಅವಳದೇ ಯಜಮಾನಿಕೆ. ಮಾಲೂರಿನ ಕಡೆಯಿಂದ ಟೆಂಪೋದಲ್ಲಿ ಒಂದು ಸೀಮೆ ಹಸುವಿನ ಕರು ತಂದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿ, ರೋಜಾ ಎಂದು ಹೆಸರಿಟ್ಟಳು. ಅದು ಈಗ ಕೊಟ್ಟಿಗೆಯ ಬಾಗಿಲಿನಷ್ಟು ಅಗಲವಾಗಿದೆ. ರೋಜಾಳಿಗೆ ಮಂಜುಳಾ ಒಬ್ಬಳೇ ಮನುಷ್ಯಳು. ನಾವೆಲ್ಲ ಹುಲ್ಲು ಹಾಕುವ ಜನ, ಅಷ್ಟೆ.

ಒಂದು ಗೃಹಪ್ರವೇಶದಲ್ಲಿ ಊಟ ಮಾಡಿ ಬಂದ ಮಂಜುಳಾ ಹೊಟ್ಟೆ ಹಿಡಿದುಕೊಂಡು ಮಲಗಿದಳು. ನಾವು ಗ್ಯಾಸು ಎಂದುಕೊಂಡೆವು. ಜೀರಿಗೆ ಕಷಾಯ ಕೊಟ್ಟೆ, ಸೋಡಾ ಕುಡಿಸಿದೆವು. ನೋವು ಹೊಟ್ಟೆಯಿಂದ ಬೆನ್ನಿಗೆ ಇಳಿಯಿತು. ಬಗ್ಗಿ ಕೂತರೆ ಸ್ವಲ್ಪ ತಡೆಯುತ್ತಿತ್ತು, ಮಲಗಿದರೆ ಚೀರುತ್ತಿದ್ದಳು. ಹೆರಿಗೆಯಲ್ಲೂ ಕೂಗದ ಹೆಣ್ಣು ಅದು. ನಾಗರಾಜ ಕಾರು ಮಾಡಿಕೊಂಡು ಕೋಲಾರದ ಆಸ್ಪತ್ರೆಗೆ ಸೇರಿಸಿದ.

ರಕ್ತ ನೋಡಿ, ಸ್ಕ್ಯಾನ್ ಮಾಡಿ ಹೇಳಿದರು: ಪಿತ್ತಕೋಶದಲ್ಲಿದ್ದ ಕಲ್ಲೊಂದು ಜಾರಿ ಕೊಳವೆಗೆ ಅಡ್ಡ ಕೂತಿದೆ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ. ಆಸ್ಪತ್ರೆಯವರು ಅದಕ್ಕೆ ಪ್ಯಾಂಕ್ರಿಯಾಸ್ ಎನ್ನುತ್ತಾರೆ. ಊಟ ಅರಗಿಸಲು ಅದು ಸುರಿಸುವ ರಸ ಹೊರಗೆ ಹೋಗಲಾರದೆ ತನ್ನನ್ನೇ ಅರಗಿಸಿಕೊಳ್ಳಲು ಶುರುಮಾಡಿತ್ತಂತೆ. ಕೊಳವೆಯ ಕಲ್ಲನ್ನು ಬಾಯಿಂದ ಕ್ಯಾಮೆರಾ ಬಿಟ್ಟೇ ತೆಗೆದರು. ನೋವು ಇಳಿಯಿತು, ಮನೆಗೆ ಕಳಿಸಿದರು.

ಊರಿನಲ್ಲಿ ಬೇರೆ ಮಾತು ಹಬ್ಬಿತ್ತು. ಮುನಿಯಮ್ಮ ಗೋಡೆಯಾಚೆಯಿಂದ ಕತ್ತು ಚಾಚಿ, ಇದು ಕುಡಿಯೋರಿಗೆ ಬರೋ ಕಾಯಿಲೆಯಂತಲ್ಲಕ್ಕಾ ಎಂದಳು.

"ಹೂಂ ಕಣೇ, ಕುಡೀತಾಳೆ" ಎಂದೆ. "ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ. ಡೇರಿಗೆ ಹಾಕಿ ಮಿಕ್ಕಿದ್ದು."

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮಂಜುಳಾಗೆ ಜ್ವರ ಬಂತು. ಹೊಟ್ಟೆ ಬಿಗಿಯಿತು, ಮುಖ ಸುಣ್ಣದ ಗೋಡೆಯ ಹಾಗಾಯಿತು. ಮತ್ತೆ ಕೋಲಾರ. ಗ್ರಂಥಿಯ ಒಂದು ಭಾಗ ಒಳಗೇ ಸತ್ತು, ಅದರ ಸುತ್ತ ಕೀವು ತುಂಬಿದೆ ಎಂದರು. ಹೊಟ್ಟೆಯ ಮುಂಭಾಗದಲ್ಲಿ, ಎದೆಗೂಡಿನ ಕೆಳಗೆ, ಸ್ಕ್ಯಾನ್ ನೋಡಿಕೊಂಡೇ ಒಂದು ಸಣ್ಣ ಪೈಪು ಇಟ್ಟರು. ಅದರಿಂದ ಕೀವು ಚೀಲಕ್ಕೆ ಇಳಿಯುತ್ತಿತ್ತು. ನಾನು ಹೋಗಿ ಕಣ್ಣಾರೆ ನೋಡಿ ಬಂದೆ. ಆ ಪೈಪು ಎಲ್ಲಿತ್ತು ಎಂಬುದನ್ನು ನೀವೂ ನೆನಪಿಟ್ಟುಕೊಳ್ಳಿ. ಇನ್ನು ಏನೇ ಮಾಡಿದರೂ ಅಲ್ಲೇ ಮಾಡುತ್ತಾರೆ ಎಂಬುದು ನನ್ನ ತಿಳುವಳಿಕೆಯಾಗಿತ್ತು.

ನಾಗರಾಜ ರಜೆ ಹಾಕಿ ಆಸ್ಪತ್ರೆಯಲ್ಲೇ ಉಳಿದ. ಮೊಮ್ಮಗಳನ್ನು ಶ್ರೀನಿವಾಸಪುರಕ್ಕೆ, ಮಂಜುಳಾಳ ತಾಯಿಯ ಮನೆಗೆ ಕಳಿಸಿದೆವು. ಮನೆಯಲ್ಲಿ ಉಳಿದವರು ನಾನು ಮತ್ತು ರೋಜಾ.

ರೋಜಾ ನನಗೆ ಹಾಲು ಕೊಡಲಿಲ್ಲ. ಕೈ ಹಾಕಿದರೆ ಒದೆಯಿತು, ಕಾಲು ಕಟ್ಟಿದರೆ ಹಾಲನ್ನು ಮೇಲಕ್ಕೆ ಎಳೆದುಕೊಂಡು ನಿಂತಿತು. ಹಾಲು ಒಳಗೇ ಉಳಿದರೆ ಕೆಚ್ಚಲು ಬಾವು ಬರುತ್ತದೆ, ಮೊಲೆಯೇ ಕೆಟ್ಟುಹೋಗುತ್ತದೆ. ಸೊಸೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವಳ ಹಸುವನ್ನು ಕೆಡಿಸಿಟ್ಟರೆ ಯಾವ ಮುಖ ಹೊತ್ತು ನಿಲ್ಲಲಿ? ನಮ್ಮ ಕಡೆ ಇದಕ್ಕೊಂದು ಉಪಾಯವಿದೆ. ದಿನಾ ಕರೆಯುವ ಹೆಂಗಸು ಇಲ್ಲದಿದ್ದರೆ ಅವಳ ಬಟ್ಟೆ ತೊಟ್ಟುಕೊಂಡು ಹೋಗುವುದು. ವಾಸನೆ ಹಿಡಿದು ಹಸು ಅವಳೇ ಎಂದುಕೊಳ್ಳುತ್ತದೆ. ಮಂಜುಳಾ ಹಾಲು ಕರೆಯುವುದು ನೈಟಿಯಲ್ಲಿ. ಹುಟ್ಟಿದ ಮೇಲೆ ನೈಟಿ ಹಾಕದ ನಾನು, ದೊಡ್ಡ ದೊಡ್ಡ ಸೂರ್ಯಕಾಂತಿ ಹೂವಿರುವ ಅವಳ ನೈಟಿ ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಗೋಡೆಯಾಚೆ ಮುನಿಯಮ್ಮ ನಕ್ಕು ನಕ್ಕು ಕೆಮ್ಮಿದಳು. ರೋಜಾ ಮಾತ್ರ ನಗಲಿಲ್ಲ. ಒಮ್ಮೆ ಮೂಸಿತು, ಹಾಲು ಇಳಿಸಿತು.

ನಾನು ಮಾಡಿದ ದಡ್ಡತನವೆಂದರೆ, ಸಗಣಿಯಾಯಿತೆಂದು ಆ ನೈಟಿಯನ್ನು ಸೋಪು ಹಾಕಿ ಚೆನ್ನಾಗಿ ಒಗೆದದ್ದು. ಸೂರ್ಯಕಾಂತಿ ಹೊಳೆಯಿತು, ಮಂಜುಳಾಳ ವಾಸನೆ ಹೋಯಿತು, ರೋಜಾ ಒದೆಯಿತು. ನಾಗರಾಜನಿಗೆ ಫೋನು ಮಾಡಿ, ಅವಳು ಆಸ್ಪತ್ರೆಗೆ ಹೋಗುವಾಗ ತೊಟ್ಟಿದ್ದ ನೈಟಿಯನ್ನು ಒಗೆಯದೆ ಹಾಗೇ ತಾ ಎಂದೆ. ಐಸಿಯು ಬಾಗಿಲಲ್ಲಿ ನಿಂತಿದ್ದ ಅವನಿಗೆ ತಾಯಿಯ ತಲೆಯೂ ಕೆಟ್ಟಿತು ಎನಿಸಿರಬೇಕು. ಆದರೂ ತಂದುಕೊಟ್ಟ. ಅದು ನೀಲಿ ಬಣ್ಣದ್ದು. ಜ್ವರದ ಬೆವರು, ಆಸ್ಪತ್ರೆಯ ವಾಸನೆ ಎಲ್ಲ ಅದರಲ್ಲಿತ್ತು. ಅಂದಿನಿಂದ ಅದನ್ನು ತೊಟ್ಟೇ ಹಾಲು ಕರೆದೆ. ರೋಜಾ ತಕರಾರು ಮಾಡಲಿಲ್ಲ, ವಿಶೇಷವಾಗಿ ಏನನ್ನೂ ಮಾಡಲಿಲ್ಲ. ಇದನ್ನೂ ನೆನಪಿಡಿ.

ಒಂದು ದಿನ ಬೆಳಿಗ್ಗೆ ನಾಗರಾಜ ಫೋನು ಮಾಡಿದ. ಪೈಪು ಕಟ್ಟಿಕೊಂಡಿದೆ, ಜ್ವರ ಏರಿದೆ, ಬಿಪಿ ಬೀಳುತ್ತಿದೆ, ಮತ್ತೆ ಸ್ಕ್ಯಾನಿಗೆ ಕರೆದುಕೊಂಡು ಹೋದರು ಎಂದ. ನಾನು ಬರುತ್ತೇನೆ ಎಂದೆ. "ಬಂದೇನ್ ಮಾಡ್ತೀಯಮ್ಮ, ಒಳಗೆ ಯಾರನ್ನೂ ಬಿಡ್ತಿಲ್ಲ. ಅವ್ಳು ನಿನ್ನೆ ಮಾತಾಡಿದಾಗ ಕೇಳಿದ್ದೇ ರೋಜಾ ಬಗ್ಗೆ. ನೀನು ಅದನ್ ನೋಡ್ಕೋ" ಎಂದು ಇಟ್ಟುಬಿಟ್ಟ. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಅವನ ಫೋನು ಸಿಗಲಿಲ್ಲ.

ನಾನು ದೇವರ ಮುಂದೆ ಕೂತು ಬೇಡಿಕೊಳ್ಳುವ ಪೈಕಿ ಅಲ್ಲ. ಅವತ್ತು ರಾಗಿ ಹಸನು ಮಾಡಿದೆ, ಹಸನಾದ ರಾಗಿಯನ್ನೇ ಇನ್ನೊಂದು ಸಲ ಮೊರಕ್ಕೆ ಹಾಕಿ ಕೇರಿದೆ. ಮಧ್ಯಾಹ್ನ ಮುನಿಯಮ್ಮ ಮುದ್ದೆ ತಂದಿಟ್ಟು, ಪಕ್ಕದಲ್ಲಿ ಕೂತು ನನ್ನ ಕೈಯ ಮೊರ ತಾನು ತೆಗೆದುಕೊಂಡಳು. ಅವತ್ತು ಒಂದೂ ದೆವ್ವದ ಸುದ್ದಿ ಎತ್ತಲಿಲ್ಲ.

ಸಂಜೆಯ ಹಾಲಿನ ಹೊತ್ತಾಯಿತು. ಬಿಸಿಲು ಇನ್ನೂ ಕೊಟ್ಟಿಗೆಯ ಶೀಟಿನ ಮೇಲೆ ಹೊಳೆಯುತ್ತಿತ್ತು. ಬೂಸಾ ಕಲಸಿ ರೋಜಾಳ ಮುಂದಿಟ್ಟೆ. ನಾನು ಕೂರುವುದು ಹಸುವಿನ ಬಲಗಡೆ. ಹಾಗೆ ಕೂತರೆ ನನ್ನ ಬಲಪಕ್ಕೆ ಅದರ ತಲೆಯ ಕಡೆಗಿರುತ್ತದೆ, ಎಡಪಕ್ಕೆ ಬಾಲದ ಕಡೆಗೆ. ಕೆಚ್ಚಲು ತೊಳೆಯಲು ಬಗ್ಗಿದೆ. ರೋಜಾ ಬೂಸಾ ಬಿಟ್ಟು ತಲೆ ತಿರುಗಿಸಿತು. ಮೂತಿಯಿಂದ ನನ್ನ ಬಲತೋಳನ್ನು ತಳ್ಳಿತು. ಹಸಿದಿಲ್ಲವೇನೋ ಎಂದುಕೊಂಡು ಎದ್ದು ಬದಿಗೆ ಸರಿದೆ. ಅದೂ ಹಗ್ಗ ಎಳೆದುಕೊಂಡು ಸರಿಯಿತು, ಬಕೆಟ್ಟು ಉರುಳಿತು. ಮತ್ತೆ ತಳ್ಳಿತು. ಹಾಯುವ ತಳ್ಳುವಿಕೆಯಲ್ಲ ಅದು. ಹೆಂಗಸರು ಮಗುವಿಗೆ ಎಣ್ಣೆ ಹಚ್ಚುವಾಗ ಆ ಕಡೆ ತಿರುಗು ಎಂದು ಮೆಲ್ಲಗೆ ತಿರುಗಿಸುತ್ತಾರಲ್ಲ, ಹಾಗೆ. ನನ್ನನ್ನು ಪೂರ್ತಿ ತಿರುಗಿಸಿ ನಿಲ್ಲಿಸಿಕೊಂಡಿತು. ನಿಲ್ಲಿಸಿಕೊಂಡು ನನ್ನ ಎಡಪಕ್ಕೆಯನ್ನು, ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಮೆತ್ತನೆಯ ಜಾಗವನ್ನು, ಕೊಂಚ ಬೆನ್ನಿನ ಕಡೆಗೆ, ನೆಕ್ಕತೊಡಗಿತು.

ಹಸುವಿನ ನಾಲಿಗೆ ಎಂಥದೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ತೆಂಗಿನ ನಾರು ಹಿಡಿದು ಪಾತ್ರೆ ಉಜ್ಜಿದ ಹಾಗಿರುತ್ತದೆ. ಉರಿಯಿತು. ದೂರ ತಳ್ಳಿದೆ. ಬೈದೆ. ತೆಲುಗಿನಲ್ಲೂ ಬೈದೆ. ಎರಡೂ ಭಾಷೆ ಅದಕ್ಕೆ ತಾಗಲಿಲ್ಲ. ನಾನು ಬಲಗಡೆ ಕೊಟ್ಟರೆ ಮೂತಿಯಿಂದ ತಿರುಗಿಸಿ ಎಡಗಡೆಯನ್ನೇ ತೆಗೆದುಕೊಳ್ಳುತ್ತಿತ್ತು. ನೆಕ್ಕುತ್ತಲೇ ಗಂಟಲಿನ ಒಳಗಿನಿಂದ ಒಂದು ಸಣ್ಣ ಶಬ್ದ ಹೊರಡಿಸುತ್ತಿತ್ತು. ಆ ಶಬ್ದ ನನಗೆ ಗೊತ್ತು. ಈದ ಹಸು, ನೆಲಕ್ಕೆ ಬಿದ್ದ ಕರು ಉಸಿರಾಡಲಿ ಎಂದು ನೆಕ್ಕುವಾಗ ಹೊರಡಿಸುವ ಶಬ್ದ ಅದು. ಬೇರೆ ಯಾವಾಗಲೂ ಹಸು ಹಾಗೆ ಕರೆಯುವುದನ್ನು ನಾನು ಕೇಳಿಲ್ಲ. ಕೆಳಗೆ ನೋಡಿದರೆ, ಯಾರೂ ಮುಟ್ಟದ ಮೊಲೆಗಳಿಂದ ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿತ್ತು.

ನನಗೆ ಹೆದರಿಕೆಯಾಯಿತೇ ಎಂದು ಕೇಳಿದರೆ, ಇಲ್ಲ. ಸತ್ಯವಾಗಿ ಹೇಳುತ್ತಿದ್ದೇನೆ. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ತಳ್ಳುವುದನ್ನು ಬಿಟ್ಟು ಕಂಬ ಹಿಡಿದು ನಿಂತುಕೊಂಡೆ. ನೆಕ್ಕಿಕೋ ಹೋಗು ಎಂದೆ. ಸಾಕಷ್ಟು ಹೊತ್ತಾದ ಮೇಲೆ ಅದು ತಾನಾಗಿಯೇ ನಿಲ್ಲಿಸಿ, ಏನೂ ಆಗದಂತೆ ಬೂಸಾಕ್ಕೆ ಬಾಯಿ ಹಾಕಿತು. ನಾನು ಕೂತು ಹಾಲು ಕರೆದೆ. ನೆಲಕ್ಕೆ ಬಿದ್ದದ್ದು ಹೋಗಿಯೂ ಬಕೆಟ್ಟು ತುಂಬಿತು.

ಡೇರಿಗೆ ಹಾಲು ಹಾಕಿ ಮನೆಗೆ ಬರುವಷ್ಟರಲ್ಲಿ ಫೋನು ಬಂತು. ನಾಗರಾಜ. ಬದುಕಿದ್ದಾಳಾ ಎಂದು ನಾನು ಮೊದಲು ಕೇಳಬೇಕಿತ್ತು. ಯಾವ ತಾಯಿಯಾದರೂ ಅದನ್ನೇ ಕೇಳುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಬೇರೆ.

"ಏನ್ಲಾ, ಎಡಪಕ್ಕೇಲಿ ಕೊಯ್ದ್ರಾ?"

 

"ನಿಂಗ್ಯಾರ್ ಹೇಳಿದ್ರಮ್ಮ?" ಎಂದ. "ನಾನಿನ್ನೂ ಯಾರ್ಗೂ ಫೋನೇ ಮಾಡಿಲ್ಲ."

"ಯಾರೋ ಹೇಳಿದ್ರು ಬಿಡು. ಹೌದೋ ಅಲ್ವೋ?"

"ಹೌದು. ಎಡಗಡೆ, ಹಿಂದೆ. ಡಾಕ್ಟ್ರು ಈಗ್ ತಾನೇ ಹೊರಗ್ ಬಂದ್ರು. ಕೀವೆಲ್ಲಾ ತೆಗ್ದಿದಾರೆ. ಬಿಪಿ ಬೀಳೋದು ನಿಂತಿದೆ ಅಂದ್ರು." ಅಷ್ಟು ಹೇಳಿ ಅವನು ಅತ್ತ. ನಾನು ಅವನು ಅತ್ತು ಮುಗಿಸುವವರೆಗೂ ಫೋನು ಹಿಡಿದುಕೊಂಡಿದ್ದೆ.

ಮಾರನೆಯ ದಿನ ಕೋಲಾರಕ್ಕೆ ಹೋದೆ. ಆಪರೇಷನ್ ಮಾಡಿದ್ದು ಒಬ್ಬ ಹೆಣ್ಣುಮಗಳು, ನೋಡಿದರೆ ಕಾಲೇಜಿಗೆ ಹೋಗುವ ಹುಡುಗಿಯ ಹಾಗಿದ್ದಳು. ತಾಳ್ಮೆಯಿಂದ ಕೂತು ಹೇಳಿದಳು. ಹೊಟ್ಟೆಯ ಮುಂಭಾಗದ ಪೈಪಿನಲ್ಲಿ ದಪ್ಪ ಕೀವು ಸಿಕ್ಕಿಕೊಂಡು, ಉಳಿದದ್ದು ಹೊಟ್ಟೆಯ ಹಿಂಭಾಗದಲ್ಲಿ ಎಡಕ್ಕೆ ಇಳಿದು ನಿಂತಿತ್ತಂತೆ. ಅದು ಅವತ್ತಿನ ಸ್ಕ್ಯಾನಿನಲ್ಲೇ ಕಂಡದ್ದು. ಕಾಯಲು ಸಮಯವಿರಲಿಲ್ಲ.

"ಹೊಟ್ಟೆ ಪೂರ್ತಿ ಕೊಯ್ದಿದ್ರೆ ತಡ್ಕೊಳ್ಳೋ ಶಕ್ತಿ ಅವ್ರಿಗಿರ್ಲಿಲ್ಲ ಅಜ್ಜಿ" ಎಂದಳು. "ಅದಕ್ಕೇ ಪಕ್ಕೇಲಿ ಇಷ್ಟೇ ಜಾಗ ಮಾಡ್ಕೊಂಡು, ಕ್ಯಾಮೆರಾ ಬಿಟ್ಟು, ಸತ್ತಿರೋದನ್ನ ಚೂರು ಚೂರಾಗಿ ಎಳ್ಕೊಂಡ್ವಿ."

ಇಷ್ಟೇ ಎಂದು ಅವಳು ತೋರಿಸಿದ್ದು ತನ್ನ ಎರಡು ಬೆರಳಿನ ಅಗಲ. ಎಲ್ಲಿ ಎಂದು ಕೇಳಿದೆ. ತನ್ನ ಕೋಟಿನ ಮೇಲೆಯೇ ಕೈಯಿಟ್ಟು ತೋರಿಸಿದಳು. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗ, ಕೊಂಚ ಬೆನ್ನಿನ ಕಡೆಗೆ. ನನ್ನ ಅದೇ ಜಾಗ ಆಗಲೂ ಉರಿಯುತ್ತಿತ್ತು. ಹಿಂದಿನ ರಾತ್ರಿ ಮುನಿಯಮ್ಮ ಅಲ್ಲಿ ಕೆಂಪಗೆ ತರಚಿದ್ದನ್ನು ನೋಡಿ ಕೊಬ್ಬರಿ ಎಣ್ಣೆ ಹಚ್ಚಿದ್ದಳು.

ಪಕ್ಕೆಯಲ್ಲಿ ಒಂದು ದಪ್ಪ ಪೈಪು ಇಟ್ಟು ದಿನಾ ತೊಳೆಯುತ್ತಿದ್ದರು. ಇನ್ನೊಂದು ಸಲ ಒಳಗೆ ಕರೆದುಕೊಂಡು ಹೋಗಿ ಅದೇ ದಾರಿಯಲ್ಲಿ ಉಳಿದದ್ದನ್ನೂ ತೆಗೆದರು. ಆ ಸಲ ರೋಜಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬೇಕೆಂದೇ ಎದುರಿಗೆ ನಿಂತಿದ್ದೆ. ಎಡಪಕ್ಕೆಗೆ ಉಪ್ಪುನೀರು ಹಚ್ಚಿಕೊಂಡೂ ನೋಡಿದೆ. ಒಂದು ಸಲ ನೆಕ್ಕಿ, ಮುಗಿಯಿತು ಎಂದು ಮುಖ ತಿರುಗಿಸಿತು. ಬೆಲ್ಲ ಹಚ್ಚಿಕೊಂಡು ನೋಡೋಣ ಎಂದಿದ್ದೆ, ಇರುವೆಗಳ ನೆನಪಾಗಿ ಬಿಟ್ಟೆ.

ಮಂಜುಳಾ ಮನೆಗೆ ಬಂದಳು. ಅರ್ಧಕ್ಕರ್ಧ ಇಳಿದು ಹೋಗಿದ್ದಳು. ಆಟೋದಿಂದ ಕಾಲು ಕೆಳಗಿಡುತ್ತಿದ್ದ ಹಾಗೆಯೇ ಕೊಟ್ಟಿಗೆಯಿಂದ ರೋಜಾ ಕೂಗಿಕೊಂಡಿತು. ಕೊಂಚ ಶಕ್ತಿ ಬಂದ ಮೇಲೆ ಕಲ್ಲಿನ ಮನೆಯಾಗಿದ್ದ ಪಿತ್ತಕೋಶವನ್ನೂ ಸಣ್ಣ ತೂತುಗಳಿಂದಲೇ ತೆಗೆದರು. ಈಗ ಅವಳು ಮುದ್ದೆ ತಿನ್ನುತ್ತಾಳೆ, ಎಣ್ಣೆ ಪದಾರ್ಥ ಕಂಡರೆ ಕೈ ಹಿಂದಕ್ಕೆಳೆಯುತ್ತಾಳೆ, ನನ್ನ ಮೇಲೆ ರೇಗುತ್ತಾಳೆ. ಎಲ್ಲ ಸರಿಹೋಗಿದೆ.

ದನದ ಡಾಕ್ಟರು ಲಸಿಕೆ ಹಾಕಲು ಬಂದಾಗ ಅವರಿಗೆ ಈ ಸಂಗತಿ ಹೇಳಿದೆ. ಅವರು ನಗಲಿಲ್ಲ. ದನಗಳ ಮೂಗು ಬಹಳ ಚುರುಕು, ಜ್ವರದವಳ ಬಟ್ಟೆಯಲ್ಲಿ ಕೀವಿನ, ಔಷಧಿಯ ವಾಸನೆ ಇರುತ್ತದೆ, ನೈಟಿಯ ಆ ಜಾಗವನ್ನು ಹಸು ಹಿಡಿದಿರಬಹುದು ಎಂದರು. ನಾಗರಾಜನಿಗೆ ಅದು ಒಪ್ಪಿಗೆಯಾಯಿತು. ಕೋಲಾರದ ಆ ಡಾಕ್ಟರು ಹುಡುಗಿಯೂ ತಪಾಸಣೆಗೆ ಹೋದಾಗ ಕೇಳಿಸಿಕೊಂಡು, ಇರಬಹುದು ಅಜ್ಜಿ, ಇರಬಹುದು ಎಂದಳು. ಎಲ್ಲರೂ ಸಮಾಧಾನದಿಂದ ಇದ್ದಾರೆ.

ಓದುತ್ತಿರುವ ನಿಮಗಾದರೂ ಒಂದು ಅನುಮಾನ ಬಂದಿರಬೇಕು. ನೈಟಿ ಹಾಕಿದ್ದರೆ ಪಕ್ಕೆಯ ಚರ್ಮ ತರಚುವುದು ಹೇಗೆ?

ಅವತ್ತು ನಾನು ನೈಟಿ ಹಾಕಿರಲಿಲ್ಲ. ಸಂಜೆ ಹಾಲಿನ ಹೊತ್ತಿಗೆ ಆ ನೀಲಿ ನೈಟಿಯನ್ನು ಕೈಗೆತ್ತಿಕೊಂಡೆ. ಅವಳು ಅಲ್ಲಿ ಉಳಿಯುತ್ತಾಳೋ ಹೋಗುತ್ತಾಳೋ ಗೊತ್ತಿಲ್ಲ, ಇಲ್ಲಿ ನಾನು ಅವಳ ಬಟ್ಟೆ ತೊಟ್ಟುಕೊಂಡು ಅವಳ ಜಾಗದಲ್ಲಿ ಕೂರುವುದೇ? ಶಕುನ ಗಿಕುನ ನಂಬದ ನನಗೇ ಕೈ ಬರಲಿಲ್ಲ. ಅದನ್ನು ಮಡಚಿ ಅವಳ ದಿಂಬಿನ ಮೇಲಿಟ್ಟೆ. ಒದ್ದರೆ ಒದೆಯಲಿ ಎಂದು ನನ್ನದೇ ಹಳೆಯ ಸೀರೆಯಲ್ಲಿ ಕೊಟ್ಟಿಗೆಗೆ ಹೋಗಿದ್ದೆ. ಕುಪ್ಪಸಕ್ಕೂ ಸೀರೆಗೂ ನಡುವೆ ಪಕ್ಕೆ ಬರಿದಾಗಿತ್ತು. ಬರೀ ನನ್ನ ಮೈ, ನನ್ನ ಬೆವರು, ನನ್ನ ಎಲೆ ಅಡಿಕೆ ವಾಸನೆ. ಆ ವಾಸನೆಗೆ ರೋಜಾ ಅದಕ್ಕೆ ಮೊದಲು ಎಂದೂ ಹಾಲು ಕೊಟ್ಟಿರಲಿಲ್ಲ.

ಇದನ್ನು ಯಾರಿಗೂ ಹೇಳದಿದ್ದಕ್ಕೆ ಕಾರಣವಿದೆ. ಮುನಿಯಮ್ಮನ ಕಿವಿಗೆ ಬಿದ್ದರೆ ಮುಳಬಾಗಿಲಿನವರೆಗೂ ಸುದ್ದಿ ಹೋಗಿ, ನಮ್ಮ ಕೊಟ್ಟಿಗೆಯ ಮುಂದೆ ಹೊಟ್ಟೆನೋವಿನವರು ಪಕ್ಕೆ ತೋರಿಸಿಕೊಂಡು ಸಾಲು ನಿಲ್ಲುತ್ತಾರೆ. ಮಂಜುಳಾಳನ್ನು ಉಳಿಸಿದ್ದು ಆ ಹುಡುಗಿಯ ಎರಡು ಬೆರಳಿನ ಅಗಲದ ದಾರಿ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನೋವು ಬೆನ್ನಿಗೆ ಇಳಿಯಿತೆಂದರೆ ಸೋಡಾ ಕುಡಿಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಹಸುವಿನ ಹತ್ತಿರ ಬರಬೇಡಿ.

ಆದರೆ ಆ ಸಂಜೆ ರೋಜಾ ನೆಕ್ಕಿದ್ದು ಯಾರನ್ನು? ನನ್ನನ್ನಂತೂ ಅಲ್ಲ. ಎಷ್ಟೋ ಸಲ ಯೋಚಿಸಿದೆ, ತಿಳಿಯಲಿಲ್ಲ. ಈಗ ಹಾಲು ಕರೆಯುವವಳು ಮತ್ತೆ ಮಂಜುಳಾ. ನಾನು ಬೂಸಾ ಇಡುವ ನೆಪದಲ್ಲಿ ಹೋಗಿ ಎಡಪಕ್ಕೆಯನ್ನು ಅದರ ಮೂತಿಯ ಹತ್ತಿರ ಇಟ್ಟು ನಿಲ್ಲುತ್ತೇನೆ. "ಅಲ್ಲೇನ್ ಅತ್ತೆ ದಿನಾ ಅಡ್ಡ ನಿಂತ್ಕೋತೀರ, ಸರೀರಿ" ಎಂದು ಅವಳು ಗದರುತ್ತಾಳೆ. ರೋಜಾ ನನ್ನನ್ನು ಮೂಸಿಯೂ ನೋಡುವುದಿಲ್ಲ.